ಧ್ವನಿವರ್ಧಕ ವಿಚಾರ

ಈ ಪತ್ರಿಕೆಯ ವಾಚಕರಲ್ಲಿ ಬಹುಮಂದಿ ಶಬ್ದದ ವಿಷಯದಲ್ಲಿ ಶ್ರದ್ಧೆಯುಳ್ಳವರು. ಒಂದು ಪದದಲ್ಲಿರುವುದು ಸಕಾರವೋ ಶಕಾರವೋ ಎಂಬುದನ್ನು ನಿರ್ಧರಿಸುವುದಕ್ಕಾಗಿ ಹತ್ತು ಓಲೆಯ ಪ್ರತಿಗಳನ್ನು ತಿರುವಿಹಾಕಲು ಅವರು ಬೇಸರಪಡುವುದಿಲ್ಲ. ಆದರೆ ಶಬ್ದವನ್ನು ಕಿವಿಗೆ ಮುಟ್ಟಿಸುವ ಯಂತ್ರದ ವಿಷಯದಲ್ಲಿ ಅಷ್ಟೇ ಶ್ರದ್ಧೆಯನ್ನು ತೋರಿಸಿದವರು ವಿರಳ. ಯಂತ್ರವು ಏನನ್ನು ನುಡಿದರೆ ಅದನ್ನು ನಂಬುತ್ತೇವೆ. ನುಡಿಯದಿದ್ದರೆ ಮೂಲದಲ್ಲಿಯೇ ಇರಲಿಲ್ಲವೆಂದು ತಿಳಿಯುತ್ತೇವೆ. ಈ ಲೇಖಕನೂ ಬಹುಕಾಲ ಹಾಗೆಯೇ ತಿಳಿದಿದ್ದವನು. ಆ ತಿಳಿವಳಿಕೆ ಹೇಗೆ ಬದಲಾಯಿತು, ಮನೆಯಲ್ಲಿಯೇ ಧ್ವನಿವರ್ಧಕವನ್ನು ಕಟ್ಟುವ ಹವ್ಯಾಸಿಗಳ ವಿದ್ಯೆ ಯಾವ ತತ್ತ್ವಗಳ ಮೇಲೆ ನಿಂತಿದೆ ಎಂಬುದನ್ನು ಇಲ್ಲಿ ನಿರೂಪಿಸಲು ಉದ್ದೇಶಿಸಿದೆ.

ಸಂದರ್ಭವು ಹೀಗೆ. ನನ್ನ ಗುರುಗಳು ೧೯೬೮ರಲ್ಲಿ ಕುಮಾರವ್ಯಾಸಭಾರತದ ಒಂದು ಸಂಧಿಯನ್ನು ಗಮಕವಾಗಿ ವಾಚಿಸಿದುದನ್ನು ಅವರ ಶಿಷ್ಯರೊಬ್ಬರು ಸ್ಪೂಲ್ ಟೇಪಿನಲ್ಲಿ ಮುದ್ರಿಸಿಟ್ಟಿದ್ದರು. ಗುರುಗಳಿಗೆ ಆ ಪಾಠ ಬಂದುದು ಅಚ್ಚಿನ ಪುಸ್ತಕದಿಂದಲ್ಲ, ಅವರ ತಂದೆಯ ಬಾಯಿಂದ. ಎರಡು ಸ್ಥಳಗಳಲ್ಲಿ ಅವರ ಪಾಠವು ಅಚ್ಚಿನ ಪಾಠಕ್ಕಿಂತ ಬೇರೆಯಾಗಿತ್ತೆಂದು ನನಗೆ ನೆನಪು: ಒಂದು ಕಡೆ ಅಲ್ಪಪ್ರಾಣಕ್ಕೆ ಬದಲಾಗಿ ಮಹಾಪ್ರಾಣ, ಇನ್ನೊಂದು ಕಡೆ ಸಕಾರಕ್ಕೆ ಬದಲಾಗಿ ಶಕಾರ. ಎರಡರಲ್ಲಿಯೂ ಅರ್ಥವೇ ಬೇರೆಯಾಗುತ್ತದೆ. ಛಂದಸ್ಸಿನ ಸಹಾಯ ಇಲ್ಲಿ ದೊರೆಯುವಂತಿಲ್ಲ. ಏಕೆಂದರೆ ಮಾತ್ರಾಗಣನೆಯಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳಿಗೆ ಭೇದವಿಲ್ಲ, ಆ ಅಕ್ಷರಗಳು ಪ್ರಾಸಸ್ಥಾನದಲ್ಲಿಯೂ ಇರಲಿಲ್ಲ. ಗುರುಗಳು ಈಗಿಲ್ಲ. ಉಳಿದ ಸಾಕ್ಷಿಯೆಂದರೆ ಆ ಟೇಪು ಒಂದೇ. ಅದನ್ನು ಅಂಗಡಿಯಿಂದ ಕೊಂಡ ಒಂದು ಸೆಟ್ಟಿನಲ್ಲಿ ಹಾಕಿ ಕೇಳಿದಾಗ ಗುರುಗಳ ಕಂಠದ ಗಾಂಭೀರ್ಯವೆಲ್ಲ ಕೇಳಿತು; ಬೇಕಾಗಿದ್ದ ಎರಡು ಅಕ್ಷರಗಳು ಮಾತ್ರ ಕೇಳಲಿಲ್ಲ. ಕೊಡದೊಳಗೆ ಮುಖವಿಟ್ಟು ಓದಿದಂತೆ ಸ್ವರಗಳು ಮೊಳಗಿದುವು, ವ್ಯಂಜನಗಳು ಅವುಗಳಡಿಯಲ್ಲಿ ಅಡಗಿಹೋದುವು.

ಮೊದಲು ಶಬ್ದವಿಚಾರ. ಕನ್ನಡದಲ್ಲಿ 'ಧ್ವನಿವರ್ಧಕ'ವೆಂಬ ಮಾತು ಸಭೆಯಲ್ಲಿ ಭಾಷಣಕಾರರ ಮುಂದೆ ನಿಲ್ಲಿಸುವ ಮೈಕಿಗೂ, ಮೇಜಿನ ಕೆಳಗೆ ಬಿಸಿಯಾಗುತ್ತ ಕುಳಿತಿರುವ ಪೆಟ್ಟಿಗೆಗೂ, ಮರಕ್ಕೆ ಕಟ್ಟಿದ ಕಹಳೆಗೂ ಸಮಾನವಾಗಿ ಸಲ್ಲುತ್ತದೆ. ಜನರು ಇವೆಲ್ಲವನ್ನೂ ಕೂಡಿಸಿ 'ಮೈಕ್‌ಸೆಟ್ಟು' ಎನ್ನುತ್ತಾರೆ. ಅದರ ಉಪದ್ರವವನ್ನು ಸಹಿಸಲಾರದವರು 'ಮೈಕಾಸುರ'ನೆಂದು ಒಂದೇ ಅಸುರನನ್ನು ಕಲ್ಪಿಸಿಕೊಂಡಿದ್ದಾರೆ. ನಿಜವಾಗಿ ಇಲ್ಲಿ ಮೂರು ವ್ಯಕ್ತಿಗಳಿದ್ದಾರೆ. ಮೈಕು ವಾಯುವಿನ ಕಂಪನವನ್ನು ವಿದ್ಯುತ್ತಿನ ಕಂಪನವಾಗಿ ಮಾರ್ಪಡಿಸುತ್ತದೆ. ನಡುವಿನ ಆಂಪ್ಲಿಫೈಯರು ಆ ಕ್ಷೀಣವಾದ ವಿದ್ಯುತ್ತನ್ನು ಬಲಪಡಿಸುತ್ತದೆ. ವರ್ಧಕವೆಂಬ ಹೆಸರಿಗೆ ಯೋಗ್ಯವಾದುದು ಇದೊಂದೇ. ಕೊನೆಯಲ್ಲಿರುವ ಸ್ಪೀಕರು ವಿದ್ಯುತ್ತನ್ನು ಮರಳಿ ವಾಯುಕಂಪನವನ್ನಾಗಿ ಮಾಡುತ್ತದೆ. ಅದು ಏನನ್ನೂ ವರ್ಧಿಸುವುದಿಲ್ಲ. ವರ್ಧಿಸುವುದಿರಲಿ, ಮನೆಗಳಲ್ಲಿ ಬಳಸುವ ಸ್ಪೀಕರುಗಳಲ್ಲಿ ಬಹುಭಾಗವು ತಮಗೆ ಬಂದ ವಿದ್ಯುಚ್ಛಕ್ತಿಯಲ್ಲಿ ನೂರರಲ್ಲಿ ಒಂದು ಪಾಲನ್ನೂ ಶಬ್ದವಾಗಿ ಹಿಂದಿರುಗಿಸುವುದಿಲ್ಲ. ಮಿಕ್ಕುದೆಲ್ಲ ಉಷ್ಣವಾಗಿ ವ್ಯಯವಾಗುತ್ತದೆ. ಆದುದರಿಂದ ಈ ಲೇಖನದಲ್ಲಿ ನಡುವಣ ಯಂತ್ರವನ್ನು 'ವರ್ಧಕ'ವೆಂದೂ ಕೊನೆಯದನ್ನು ರೂಢಿಯಂತೆ 'ಸ್ಪೀಕರು' ಎಂದೂ ಕರೆದಿದೆ. ಹೊಸ ಪದವನ್ನು ಟಂಕಿಸುವ ಆಸೆ ನನಗಿಲ್ಲ. ಇರುವ ಪದವು ಎರಡು ಪದಾರ್ಥಗಳನ್ನು ಒಂದೆಂದು ಭ್ರಮಿಸುವಂತೆ ಮಾಡಿ, ಒಂದರ ದೋಷವನ್ನು ಇನ್ನೊಂದರಲ್ಲಿ ಹುಡುಕಿಸುತ್ತದೆಯೆಂಬುದೇ ನನ್ನ ಆಕ್ಷೇಪ. ನಾನೇ ಸ್ಪೀಕರಿನ ದೋಷಕ್ಕಾಗಿ ವರ್ಧಕವನ್ನು ಮೂರು ಸಲ ಬಿಚ್ಚಿದ್ದೇನೆ.

ಇಂದು ನಾವು ಕಾಣುವ ಸ್ಪೀಕರಿನ ರೂಪವು ೧೯೨೫ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲ್ಲಾಗ್ ಎಂಬಿಬ್ಬರು ಪ್ರಕಟಿಸಿದ ಪ್ರಬಂಧದಿಂದ ನೆಲೆಗೊಂಡಿತು. ಬಲವಾದ ಅಯಸ್ಕಾಂತದ ಸಂದಿನಲ್ಲಿ ತಂತಿಯ ಒಂದು ಹಗುರವಾದ ಸುರುಳಿ, ಅದಕ್ಕೆ ಅಂಟಿದ ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಶಂಕುವು ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ನೂರು ವರ್ಷಗಳಲ್ಲಿ ಅಯಸ್ಕಾಂತ, ಅಂಟು, ಕಾಗದಗಳು ಬದಲಾಗಿವೆ, ತತ್ತ್ವವು ಬದಲಾಗಿಲ್ಲ. ವರ್ಧಕದ ಇತಿಹಾಸದಲ್ಲಿ ಅದಕ್ಕೆ ಸಮಾನವಾದ ದಿನವೆಂದರೆ ೧೯೨೭ನೆಯ ಆಗಸ್ಟ್ ೨. ಅಂದು ಬೆಲ್ ಪ್ರಯೋಗಶಾಲೆಯ ಹೆರಾಲ್ಡ್ ಬ್ಲ್ಯಾಕ್ ಎಂಬ ತರುಣನು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದಾಗ ಹೊಳೆದ ಒಂದು ಉಪಾಯವನ್ನು ಕೈಯಲ್ಲಿದ್ದ ವೃತ್ತಪತ್ರಿಕೆಯ ಹಾಳೆಯ ಮೇಲೆಯೇ ಬರೆದಿಟ್ಟನು. ದೂರದ ಊರುಗಳಿಗೆ ಟೆಲಿಫೋನಿನ ಮಾತನ್ನು ಒಯ್ಯುವಾಗ ದಾರಿಯಲ್ಲಿ ಅನೇಕ ವರ್ಧಕಗಳನ್ನು ದಾಟಬೇಕಾಗುತ್ತಿತ್ತು. ಒಂದೊಂದೂ ಸ್ವಲ್ಪ ಸ್ವಲ್ಪ ಕೆಡಿಸುತ್ತ ಹೋದರೆ ಕಡೆಗೆ ಮಾತೇ ಉಳಿಯದು. ಆ ರೋಗಕ್ಕೆ ಅವನು ಕಂಡುಹಿಡಿದ ಮದ್ದು ಫೀಡ್‌ಬ್ಯಾಕು, ಎಂದರೆ ಋಣ ಪ್ರತಿಪೋಷಣ.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಅಪರಿಚಿತವಾದ ಉಪಾಯವಲ್ಲ. ಲಿಪಿಕಾರನೊಬ್ಬನು ಮೂಲಪ್ರತಿಯನ್ನು ನೋಡಿ ದೊಡ್ಡ ಅಕ್ಷರಗಳಲ್ಲಿ ನಕಲು ಮಾಡುತ್ತಿರುವನೆನ್ನೋಣ. ಅವನ ಪಕ್ಕದಲ್ಲಿ ಕುಳಿತ ಇನ್ನೊಬ್ಬನು ಬರೆದುದನ್ನು ಮೂಲದೊಡನೆ ಕೂಡಲೆ ಹೋಲಿಸಿ, 'ಇಲ್ಲಿ ಇಷ್ಟು ಹೆಚ್ಚಾಯಿತು, ಇಷ್ಟು ಕಡಿಮೆಯಾಯಿತು' ಎಂದು ತಿಳಿಸುತ್ತಿದ್ದರೆ ಲಿಪಿಕಾರನು ಎಷ್ಟೇ ಅಜಾಗರೂಕನಾಗಿದ್ದರೂ ನಕಲು ಬಹುಮಟ್ಟಿಗೆ ಶುದ್ಧವಾಗುತ್ತದೆ. ವರ್ಧಕದಲ್ಲಿ ಹೊರಬಂದ ಸಂಕೇತದ ಒಂದು ಸಣ್ಣ ಅಂಶವನ್ನು ಬಾಗಿಲಿಗೆ ಹಿಂದಿರುಗಿಸಿ, ಒಳಬರುವ ಸಂಕೇತದಿಂದ ಕಳೆಯುವುದರಿಂದ ಇದೇ ಕಾರ್ಯ ನಡೆಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೆಂದರೆ ವರ್ಧನೆಯು ಕಡಿಮೆಯಾಗುವುದು. ಲೆಕ್ಕವನ್ನು ನೋಡಿರಿ: ಒಂದು ವರ್ಧಕವು ಸಾವಿರ ಪಟ್ಟು ಹೆಚ್ಚಿಸುವ ಶಕ್ತಿಯುಳ್ಳದ್ದು, ಹೊರಬಂದುದರಲ್ಲಿ ನೂರನೆಯ ಒಂದು ಅಂಶವನ್ನು ಹಿಂದಕ್ಕೆ ಕೊಟ್ಟಿದೆ. ಆಗ ಅದರ ವರ್ಧನೆಯು ಸಾವಿರವನ್ನು ಹನ್ನೊಂದರಿಂದ ಭಾಗಿಸಿದಷ್ಟು, ಎಂದರೆ ಸುಮಾರು ೯೧. ವಾಲ್ವು ಹಳತಾಗಿ ಸಾವಿರವು ಐನೂರಕ್ಕಿಳಿಯಿತೆನ್ನಿ. ಆಗ ಐನೂರನ್ನು ಆರರಿಂದ ಭಾಗಿಸಬೇಕು, ದೊರೆಯುವುದು ಸುಮಾರು ೮೩. ಒಳಗೆ ಅರ್ಧಕ್ಕೆ ಅರ್ಧ ಕುಸಿದರೂ ಹೊರಗೆ ಕಾಣುವ ವ್ಯತ್ಯಾಸವು ಹನ್ನೆರಡರಲ್ಲಿ ಒಂದು ಪಾಲು ಮಾತ್ರ. ಯಂತ್ರವು ತಾನಾಗಿ ಹುಟ್ಟಿಸುವ ಅಪಸ್ವರಗಳೂ ಇದೇ ರೀತಿಯಲ್ಲಿ ತಗ್ಗುತ್ತವೆ.

ಆದರೆ ಹೋಲಿಸಿ ನೋಡುವವನು ತಡಮಾಡಬಾರದು. ಅವನ ತಿದ್ದುಪಡಿಯು ಒಂದಕ್ಷರ ತಡವಾಗಿ ಬಂದರೆ ತಪ್ಪಿದ ಅಕ್ಷರವು ಹಾಗೆಯೇ ಉಳಿದು, ಸರಿಯಾಗಿದ್ದ ಮುಂದಿನ ಅಕ್ಷರವು ಕೆಡುತ್ತದೆ. ಅದನ್ನು ತಿದ್ದಲು ಹೋಗಿ ಅದರ ಮುಂದಿನದೂ ಕೆಡುತ್ತದೆ. ವರ್ಧಕದಲ್ಲಿಯೂ ಅತಿ ತಾರವಾದ ಮತ್ತು ಅತಿ ಮಂದ್ರವಾದ ಕಂಪನಗಳು ಹೊರಬರುವಾಗ ಕಾಲದಲ್ಲಿ ಹಿಂದೆಮುಂದೆ ಆಗುತ್ತವೆ. ಅರ್ಧ ಆವರ್ತದಷ್ಟು ವ್ಯತ್ಯಾಸವಾದ ಕಡೆ ಕಳೆಯಬೇಕಾದುದು ಕೂಡಿಕೊಳ್ಳುತ್ತದೆ. ಅಲ್ಲಿ ಇನ್ನೂ ಸಾಕಷ್ಟು ವರ್ಧನೆ ಉಳಿದಿದ್ದರೆ ಯಂತ್ರವು ಯಾರೂ ಕೇಳದ ರಾಗವೊಂದನ್ನು ತಾನೇ ಹಾಡಲು ತೊಡಗುತ್ತದೆ. ಯಾವ ಸ್ಥಿತಿಯಲ್ಲಿ ಹೀಗಾಗುವುದು, ಯಾವ ಸ್ಥಿತಿಯಲ್ಲಿ ಆಗದು ಎಂಬುದನ್ನು ಹ್ಯಾರಿ ನೈಕ್ವಿಸ್ಟ್ ೧೯೩೨ರಲ್ಲಿ ಗಣಿತದಿಂದ ನಿರ್ಣಯಿಸಿದನು.

ಇಷ್ಟು ತಿಳಿದ ಮೇಲೆ ೧೯೪೭ರ ಘಟನೆಯ ಮಹತ್ತ್ವವು ಅರ್ಥವಾಗುತ್ತದೆ. ಆ ವರ್ಷದ ಏಪ್ರಿಲ್ ಮೇ ತಿಂಗಳುಗಳಲ್ಲಿ ಲಂಡನ್ನಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಡಿ. ಟಿ. ಎನ್. ವಿಲಿಯಮ್ಸನ್ ಎಂಬಾತನು ಉತ್ತಮ ವರ್ಗದ ವರ್ಧಕವೊಂದರ ರಚನೆಯನ್ನು ಪ್ರಕಟಿಸಿದನು. ಅದರ ಸಾಮರ್ಥ್ಯವು ೧೫ ವಾಟ್. ಅದರಲ್ಲಿ ಹುಟ್ಟುವ ವಿಕೃತಿ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಆ ಕಾಲದ ರೇಡಿಯೋ ಸೆಟ್ಟುಗಳಲ್ಲಿ ನೂರರಲ್ಲಿ ಹಲವು ಪಾಲುಗಳ ವಿಕೃತಿಯನ್ನು ಜನರು ಸಹಜವೆಂದೇ ಸಹಿಸುತ್ತಿದ್ದರು. ವಿಲಿಯಮ್ಸನ್ನನು ಯಾವುದನ್ನೂ ಗುಟ್ಟಾಗಿಡಲಿಲ್ಲ. ಪ್ರತಿಯೊಂದು ಬಿಡಿಭಾಗದ ಬೆಲೆ, ಟ್ರಾನ್ಸ್‌ಫಾರ್ಮರಿನ ತಂತಿ ಸುತ್ತುವ ಕ್ರಮ, ಎಲ್ಲವನ್ನೂ ಅಚ್ಚುಮಾಡಿ ಕೊಟ್ಟನು. ಅದನ್ನು ನೋಡಿ ಲೋಕದ ಹಲವು ದೇಶಗಳ ಹವ್ಯಾಸಿಗಳು ಮನೆಯಲ್ಲಿ ಕುಳಿತು ಅದನ್ನು ಕಟ್ಟಿದರು. ಬಹುಕಾಲ ಬೇರೆ ವರ್ಧಕಗಳನ್ನು ಅಳೆಯುವ ಮಾನದಂಡವೂ ಅದೇ ಆಯಿತು. ೧೯೪೯ರಲ್ಲಿ ಅವನೇ ಅದನ್ನು ಪರಿಷ್ಕರಿಸಿದನು. ಯುದ್ಧದ ಬಳಿಕ ಕೊಳ್ಳಲು ಹೆಚ್ಚೇನೂ ದೊರೆಯದಿದ್ದ ದಿನಗಳಲ್ಲಿ, ಕೊಳ್ಳಲು ದೊರೆಯುವುದಕ್ಕಿಂತ ಉತ್ತಮವಾದುದನ್ನು ಒಬ್ಬ ಉಪಾಧ್ಯಾಯನೋ ಗುಮಾಸ್ತನೋ ತಾನೇ ಮಾಡಿಕೊಳ್ಳಬಹುದೆಂಬುದು ಸಣ್ಣ ಮಾತಲ್ಲ.

ಆ ರಚನೆಯಲ್ಲಿ ಸಂಕೇತವು ನಾಲ್ಕು ಘಟ್ಟಗಳನ್ನು ದಾಟಬೇಕು. ಮೊದಲನೆಯದರಲ್ಲಿ ಅದು ಬೆಳೆಯುತ್ತದೆ, ಎರಡನೆಯದರಲ್ಲಿ ಬಿಂಬ ಪ್ರತಿಬಿಂಬಗಳಂತೆ ಪರಸ್ಪರ ವಿರುದ್ಧವಾದ ಎರಡು ಸಂಕೇತಗಳಾಗಿ ಒಡೆಯುತ್ತದೆ, ಮೂರನೆಯದರಲ್ಲಿ ಎರಡೂ ಮತ್ತೆ ಬೆಳೆಯುತ್ತವೆ, ನಾಲ್ಕನೆಯದರಲ್ಲಿ ಕೆ.ಟಿ.೬೬ ಎಂಬ ಎರಡು ದೊಡ್ಡ ವಾಲ್ವುಗಳು, ದಿಮ್ಮಿಯನ್ನು ಸೀಳುವ ಇಬ್ಬರು ಒಂದೇ ಗರಗಸದ ಎರಡು ತುದಿಗಳನ್ನು ಹಿಡಿದಂತೆ, ಒಂದು ಎಳೆದಾಗ ಇನ್ನೊಂದು ಬಿಟ್ಟುಕೊಡುತ್ತ ಕೆಲಸಮಾಡುತ್ತವೆ. ಈ ಜೋಡಣೆಯಿಂದ ಒಂದರ ವಕ್ರತೆಯ ಬಹುಭಾಗವನ್ನು ಇನ್ನೊಂದರ ವಕ್ರತೆಯು ಅಳಿಸಿಹಾಕುತ್ತದೆ. ಇವೆಲ್ಲದರ ಮೇಲೆ, ಕೊನೆಯ ಟ್ರಾನ್ಸ್‌ಫಾರ್ಮರಿನ ಆಚೆಯಿಂದ ಮೊದಲ ಘಟ್ಟದವರೆಗೆ ಪ್ರತಿಪೋಷಣದ ತಂತಿಯನ್ನು ಎಳೆದು ವಿಕೃತಿಯನ್ನು ಮತ್ತೆ ಸುಮಾರು ಹತ್ತನೆಯ ಒಂದು ಪಾಲಿಗಿಳಿಸಿದೆ.

ಟ್ರಾನ್ಸ್‌ಫಾರ್ಮರನ್ನೂ ತಿದ್ದುಪಡಿಯ ಆವರಣದೊಳಕ್ಕೆ ತಂದುದೇ ವಿಲಿಯಮ್ಸನ್ನನ ಸಾಹಸ. ಕಟ್ಟುವವರಿಗೆ ಕಷ್ಟವೂ ಅದರಲ್ಲಿಯೇ. ವಾಲ್ವುಗಳು ಹೆಚ್ಚು ವೋಲ್ಟೇಜು, ಕಡಿಮೆ ಪ್ರವಾಹ ಕೊಡತಕ್ಕವು; ಸ್ಪೀಕರಿಗೆ ಬೇಕಾದುದು ಇದರ ವಿಪರ್ಯಯ. ವಾಲ್ವುಗಳಿಗೆ ಹೊರೆಯು ಹತ್ತು ಸಾವಿರ ಓಮ್ ಎಂದು ಕಾಣಬೇಕು, ಸ್ಪೀಕರು ಹದಿನಾರು ಓಮಿನದು. ಭಾಗಿಸಿದರೆ ೬೨೫, ಅದರ ವರ್ಗಮೂಲ ೨೫. ಆದುದರಿಂದ ಮೊದಲ ಸುರುಳಿಯ ಇಪ್ಪತ್ತೈದು ಸುತ್ತಿಗೆ ಎರಡನೆಯದರಲ್ಲಿ ಒಂದು ಸುತ್ತು. ಲೆಕ್ಕವು ಸುಲಭ. ಆದರೆ ಮಂದ್ರಧ್ವನಿಗಳು ಕುಂದದಿರಬೇಕಾದರೆ ದೊಡ್ಡ ಕಬ್ಬಿಣದ ಮೇಲೆ ಬಹಳ ಸುತ್ತುಗಳಿರಬೇಕು. ತಾರಧ್ವನಿಗಳು ಕುಂದದಿರಬೇಕಾದರೆ ಎರಡು ಸುರುಳಿಗಳೂ ಒಂದಕ್ಕೊಂದು ಅತಿ ಸಮೀಪವಾಗಿರಬೇಕು. ಸುತ್ತು ಹೆಚ್ಚಿದಷ್ಟೂ ಸಾಮೀಪ್ಯವು ತಪ್ಪುತ್ತದೆ. ಈ ವಿರೋಧದ ಪರಿಹಾರಕ್ಕಾಗಿ ಎರಡು ಸುರುಳಿಗಳನ್ನೂ ಅನೇಕ ಖಂಡಗಳಾಗಿ ಒಡೆದು, ಒಂದರ ಖಂಡದ ಪಕ್ಕದಲ್ಲಿ ಇನ್ನೊಂದರ ಖಂಡವು ಬರುವಂತೆ ಹೆಣೆಯಬೇಕು.

ಬೆಂಗಳೂರಿನಲ್ಲಿ ಕಾಯಿಲ್ ಸುತ್ತುವ ವೃದ್ಧರೊಬ್ಬರಿಗೆ ನಾನು ಈ ಕೆಲಸವನ್ನು ಒಪ್ಪಿಸಿದೆನು. ಅಷ್ಟು ಖಂಡಗಳೇಕೆಂದು ಅವರು ಕೇಳಿದಾಗ, ನಾನು ಅವಸರದವನಾಗಿ, 'ಎರಡೇ ಮಾಡಿರಿ, ಸಾಕು' ಎಂದೆನು. ಯಂತ್ರವನ್ನು ಹೂಡಿ ಪ್ರತಿಪೋಷಣದ ತಂತಿಯನ್ನು ಬೆಸೆದ ಕ್ಷಣವೇ ಸ್ಪೀಕರಿನ ತಾರಭಾಗವು ಸೀಟಿಹಾಕಿತು. ತಂತಿಯನ್ನು ಬಿಡಿಸಿದರೆ ಸುಮ್ಮನಾಯಿತು. ನೈಕ್ವಿಸ್ಟನ ಸಿದ್ಧಾಂತವನ್ನು ನಾನು ಓದಿದುದು ಆ ರಾತ್ರಿ. ಎರಡನೆಯ ಸಲ ಹಿರಿಯರು ಏನೂ ಪ್ರಶ್ನಿಸದೆ ಹೇಳಿದಷ್ಟು ಖಂಡಗಳನ್ನೂ ಹೆಣೆದುಕೊಟ್ಟರು.

ಸೀಟಿ ಹೋದ ಮೇಲೆ ಮೊರೆತ ಉಳಿಯಿತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಆವರ್ತಿಸುತ್ತದೆ. ವರ್ಧಕದಲ್ಲಿ ಭೂಸಂಪರ್ಕದ ತಂತಿಗಳು ಬಳೆಯಂತೆ ಸುತ್ತಿಕೊಂಡಿದ್ದರೆ, ಅಥವಾ ಮೊದಲ ವಾಲ್ವಿನ ಸಮೀಪದಲ್ಲಿ ವಿದ್ಯುತ್ತಿನ ಟ್ರಾನ್ಸ್‌ಫಾರ್ಮರಿದ್ದರೆ, ಕೇಳುವ ಮೊರೆತವು ಮುಖ್ಯವಾಗಿ ಆ ೫೦ರದೇ. ಏಕಮುಖವಾಗಿ ತಿರುಗಿಸಿದ ವಿದ್ಯುತ್ತನ್ನು ನಯಗೊಳಿಸುವ ಕೆಪಾಸಿಟರು ಸೊರಗಿದ್ದರೆ ಕೇಳುವುದು ೧೦೦ರ ಮೊರೆತ. ಒಂದಕ್ಕಿಂತ ಇನ್ನೊಂದು ಸರಿಯಾಗಿ ಒಂದು ಸ್ಥಾಯಿ ಮೇಲೆ. ನಾನು ಎರಡು ದಿನ ಭೂಸಂಪರ್ಕದ ತಂತಿಗಳನ್ನು ಕಿತ್ತು ಕಿತ್ತು ಬೆಸೆಯುತ್ತಿದ್ದುದನ್ನು ನೋಡಿ, ತಂಬೂರಿಯ ಅಭ್ಯಾಸವುಳ್ಳ ನನ್ನ ತಂಗಿಯು, 'ಅಣ್ಣಾ, ನೀನು ಹೇಳುವುದು ಕೆಳಗಿನ ಷಡ್ಜ. ಇದು ಕೂಗುತ್ತಿರುವುದು ಮೇಲಿನದಲ್ಲವೆ?' ಎಂದಳು. ಕೆಪಾಸಿಟರೊಂದನ್ನು ಬದಲಾಯಿಸಲಾಗಿ ಮೊರೆತವು ನಿಂತಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾಗದು. ಈ ಬಗೆಯ ವಾಲ್ವಿನ ವರ್ಧಕದಲ್ಲಿ ೪೫೦ ವೋಲ್ಟಿನವರೆಗೆ ನೇರ ವಿದ್ಯುತ್ತಿರುತ್ತದೆ, ಅದು ಪ್ರಾಣಾಪಾಯಕರ. ಗೋಡೆಯ ಸ್ವಿಚ್ಚನ್ನು ಆರಿಸಿ ಪ್ಲಗ್ಗನ್ನು ಕಿತ್ತ ಮಾತ್ರಕ್ಕೆ ಅದು ಹೋಗುವುದಿಲ್ಲ. ಕೆಪಾಸಿಟರುಗಳಲ್ಲಿ ತುಂಬಿದ್ದುದು ಬಹಳ ಹೊತ್ತು ಉಳಿದಿರಬಹುದು. ಅದನ್ನು ಮೆಲ್ಲಗೆ ಬರಿದುಮಾಡುವ ರೆಸಿಸ್ಟರೊಂದನ್ನು ಶಾಶ್ವತವಾಗಿ ಅಡ್ಡಲಾಗಿ ಬೆಸೆದಿರಬೇಕು, ಮೀಟರಿನಿಂದ ಅಳೆದು ಸೊನ್ನೆಯೆಂದು ಕಂಡಲ್ಲದೆ ಒಳಗೆ ಕೈಯಿಡಬಾರದು. ಯಂತ್ರವು ಜೀವಂತವಾಗಿರುವಾಗ ಅಳೆಯಲೇಬೇಕಾದರೆ ಒಂದು ಕೈಯನ್ನು ಹಿಂದಿಟ್ಟುಕೊಂಡು ಒಂದೇ ಕೈಯಿಂದ ಅಳೆಯುವುದು ಹಳಬರ ಪದ್ಧತಿ. ಒಂದು ಕೈಯಿಂದ ಇನ್ನೊಂದು ಕೈಗೆ ಹರಿಯುವ ವಿದ್ಯುತ್ತಿನ ದಾರಿಯಲ್ಲಿ ಹೃದಯವಿದೆ. ಅಭ್ಯಾಸವಿಲ್ಲದವರು ವಾಲ್ವಿನಿಂದ ಆರಂಭಿಸದೆ, ಕೆಲವೇ ಹತ್ತು ವೋಲ್ಟುಗಳಲ್ಲಿ ನಡೆಯುವ ಟ್ರಾನ್ಸಿಸ್ಟರಿನ ವರ್ಧಕದಿಂದ ಆರಂಭಿಸುವುದು ಲೇಸು. ೧೯೬೯ರ ಏಪ್ರಿಲಿನಲ್ಲಿ ಅದೇ ಪತ್ರಿಕೆಯಲ್ಲಿ ಲಿನ್ಸ್‌ಲಿ ಹುಡ್ ಎಂಬಾತನು ನಾಲ್ಕೇ ಟ್ರಾನ್ಸಿಸ್ಟರುಗಳ ಹತ್ತು ವಾಟಿನ ವರ್ಧಕವೊಂದನ್ನು ಪ್ರಕಟಿಸಿದನು. ಅದರಲ್ಲಿ ಆ ಕಷ್ಟದ ಟ್ರಾನ್ಸ್‌ಫಾರ್ಮರೇ ಇಲ್ಲ. ಈಚೆಗೆ ಇಡೀ ವರ್ಧಕವನ್ನೇ ಒಂದು ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಚಿಪ್ಪಿನಲ್ಲಿ ಅಡಗಿಸಿದ್ದಾರೆ. ಅವು ಗುಣದಲ್ಲಿ ವಿಲಿಯಮ್ಸನ್ನನ ಯಂತ್ರಕ್ಕೆ ಕಡಿಮೆಯಲ್ಲ, ಅಳತೆಯಲ್ಲಿ ಮೇಲೆಯೇ ಎನ್ನಬೇಕು. ವಾಲ್ವಿನ ನಾದದಲ್ಲಿ ಏನೋ ಒಂದು ಮಾಧುರ್ಯವುಂಟೆಂದು ಅನೇಕರು ಹೇಳುತ್ತಾರೆ. ಆ ವಾದದಲ್ಲಿ ನಾನು ಸೇರುವುದಿಲ್ಲ. ನನಗೆ ಬೇಕಾಗಿದ್ದುದು ಮಾಧುರ್ಯವಲ್ಲ, ಅಕ್ಷರ.

ನಮ್ಮ ನಾಡಿನಲ್ಲಿಯೂ ಈ ಹವ್ಯಾಸಕ್ಕೆ ಪೂರ್ವಪರಂಪರೆಯುಂಟು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ನಿಲಯವನ್ನು ಹೂಡಿದರು. 'ಆಕಾಶವಾಣಿ' ಎಂಬ ಹೆಸರು ಅದರದು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಮುಂದಿನ ದಶಕದಲ್ಲಿ ರೇಡಿಯೋ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ತಯಾರಿಸಿತು. ನಗರದ ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ಇಂದಿಗೂ ಬಿಡಿಭಾಗಗಳನ್ನು ಹುಡುಕಿಕೊಂಡು ತಿರುಗುವ ಹವ್ಯಾಸಿಗಳನ್ನು ಕಾಣಬಹುದು.

ಇನ್ನು ಸ್ಪೀಕರು. ವರ್ಧಕವನ್ನು ಮುಗಿಸಿ ಹಳೆಯ ಸ್ಪೀಕರಿಗೇ ಜೋಡಿಸಿದಾಗ ಗುರುಗಳ ಕಂಠವು ಮೊದಲಿನಂತೆಯೇ ಕೊಡದೊಳಗಿಂದ ಬಂದಿತು. ಎಂಟು ತಿಂಗಳ ಶ್ರಮವು ವ್ಯರ್ಥವಾಯಿತೆಂದು ಬಗೆದೆನು. ದೋಷವೆಲ್ಲ ಪೆಟ್ಟಿಗೆಯಲ್ಲಿತ್ತು.

ಸ್ಪೀಕರಿಗೆ ಪೆಟ್ಟಿಗೆಯೇಕೆ ಬೇಕೆಂಬುದನ್ನು ಮೊದಲು ತಿಳಿಯಬೇಕು. ಶಂಕುವು ಮುಂದಕ್ಕೆ ಚಲಿಸಿದಾಗ ಮುಂದಿನ ಗಾಳಿಯು ಒತ್ತಲ್ಪಡುತ್ತದೆ, ಹಿಂದಿನ ಗಾಳಿಯು ವಿರಳವಾಗುತ್ತದೆ. ಪೆಟ್ಟಿಗೆಯಿಲ್ಲದಿದ್ದರೆ ಮುಂದಿನ ಗಾಳಿಯು ಅಂಚನ್ನು ಬಳಸಿ ಹಿಂದಕ್ಕೆ ಹರಿದು ಎರಡೂ ಸಮವಾಗಿಬಿಡುತ್ತವೆ. ತಾರಧ್ವನಿಯ ಅಲೆಯು ಚಿಕ್ಕದು. ಬಳಸಿ ಹೋಗಲು ಅದಕ್ಕೆ ಕಾಲಾವಕಾಶವಿಲ್ಲ. ಆದರೆ ಸೆಕೆಂಡಿಗೆ ೫೦ ಕಂಪನಗಳ ಮಂದ್ರಧ್ವನಿಯ ಅಲೆಯು ಸುಮಾರು ೭ ಮೀಟರು ಉದ್ದವಾದುದು. ಅದರ ಮುಂದೆ ಒಂದು ಗೇಣಿನ ಶಂಕುವಿನ ಅಂಚು ಯಾವ ಲೆಕ್ಕಕ್ಕೂ ಇಲ್ಲ. ಹಿಂದಿನ ಗಾಳಿಯನ್ನು ಸೆರೆಹಾಕುವುದೇ ಪೆಟ್ಟಿಗೆಯ ಕೆಲಸ. ಆದರೆ ಸೆರೆಯಾದ ಗಾಳಿಯು ಸುಮ್ಮನಿರದೆ ಸ್ಪ್ರಿಂಗಿನಂತೆ ಶಂಕುವನ್ನು ನೂಕುತ್ತದೆ. ಪೆಟ್ಟಿಗೆಯು ಚಿಕ್ಕದಾದಷ್ಟೂ ಸ್ಪ್ರಿಂಗು ಗಡುಸು. ೧೯೫೪ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರನು ಈ ಗಾಳಿಯ ಸ್ಪ್ರಿಂಗನ್ನೇ ಉಪಕಾರಿಯಾಗಿ ಮಾಡಿಕೊಂಡು, ಸಡಿಲವಾದ ಶಂಕುವನ್ನು ಚಿಕ್ಕ ಮುಚ್ಚಿದ ಪೆಟ್ಟಿಗೆಯಲ್ಲಿರಿಸಿ ಮಂದ್ರಧ್ವನಿಯನ್ನು ಸಾಧಿಸಿದನು. ೧೯೬೧ರಲ್ಲಿ ಆಸ್ಟ್ರೇಲಿಯದ ನೆವಿಲ್ ಥೀಲನೂ, ೧೯೭೦ರ ದಶಕದ ಆರಂಭದಲ್ಲಿ ಸಿಡ್ನಿಯಲ್ಲಿ ಅಧ್ಯಯನ ಮಾಡಿದ ರಿಚರ್ಡ್ ಸ್ಮಾಲನೂ ಈ ವಿದ್ಯೆಯನ್ನು ಅಳತೆಗೆ ಒಳಪಡಿಸಿದರು. ಅಲ್ಲಿಯವರೆಗೆ ಬಡಗಿಯ ಊಹೆಯಾಗಿದ್ದುದು ಅನಂತರ ಗಣಿತವಾಯಿತು.

ಆ ಗಣಿತದಲ್ಲಿ ಮುಖ್ಯವಾಗಿ ಬೇಕಾದುವು ಮೂರು ಅಂಕಗಳು. ಒಳ್ಳೆಯ ತಯಾರಕರು ಸ್ಪೀಕರಿನ ಜೊತೆಯಲ್ಲಿ ಇವನ್ನು ಅಚ್ಚುಹಾಕಿಯೇ ಕೊಡುತ್ತಾರೆ. ಒಂದು, ಬಯಲಿನಲ್ಲಿ ಶಂಕುವಿನ ಸಹಜವಾದ ಕಂಪನಸಂಖ್ಯೆ. ಎರಡು, ಅದರ ತೂಗುಪಟ್ಟಿಯಷ್ಟೇ ಗಡುಸಾದ ಗಾಳಿಯ ಗಾತ್ರ. ಮೂರು, ಶಂಕುವು ತನ್ನ ಸಹಜ ಕಂಪನದಲ್ಲಿ ಎಷ್ಟು ಹತೋಟಿಯಲ್ಲಿರುವುದೆಂಬುದನ್ನು ತಿಳಿಸುವ ಅಂಕ. ಇದು ಹೆಚ್ಚಿದಷ್ಟೂ ಹತೋಟಿಯು ಕಡಿಮೆ. ನಾನು ಕೊಂಡ ಸ್ಪೀಕರಿಗೆ ಇವು ಕ್ರಮವಾಗಿ ೩೦, ೯೦ ಲೀಟರು, ೦.೩೫. ಪೆಟ್ಟಿಗೆಯು ೩೦ ಲೀಟರಿನದಾದರೆ ೯೦ನ್ನು ೩೦ರಿಂದ ಭಾಗಿಸಿ, ಒಂದನ್ನು ಕೂಡಿಸಿ, ವರ್ಗಮೂಲವನ್ನು ತೆಗೆದರೆ ೨ ದೊರೆಯುತ್ತದೆ. ಕಂಪನಸಂಖ್ಯೆಯೂ ಹತೋಟಿಯ ಅಂಕವೂ ಎರಡರಷ್ಟಾಗುತ್ತವೆ: ೬೦ ಮತ್ತು ೦.೭. ಈ ೦.೭ ಎಂಬುದು ಉಬ್ಬೂ ಇಲ್ಲದ ತಗ್ಗೂ ಇಲ್ಲದ ಸಮಸ್ಥಿತಿ. ಅದೇ ಸ್ಪೀಕರನ್ನು ಅಂದಕ್ಕಾಗಿ ೧೦ ಲೀಟರಿನ ಪೆಟ್ಟಿಗೆಯಲ್ಲಿಟ್ಟರೆ ವರ್ಗಮೂಲವು ೩.೧೬ ಆಗಿ, ಅಂಕಗಳು ೯೫ ಮತ್ತು ೧.೧ ಆಗುತ್ತವೆ. ಆಗ ಧ್ವನಿಯು ೧೨೦ರ ಆಸುಪಾಸಿನಲ್ಲಿ ಉಬ್ಬುತ್ತದೆ.

ಈ ೧೨೦ ಎಂಬುದು ಯಾವುದು? ಗಂಡಸಿನ ಮಾತಿನ ಮೂಲಶ್ರುತಿಯು ಸಾಮಾನ್ಯವಾಗಿ ಇದರ ಸುತ್ತಮುತ್ತಲಿನದೇ. ಎಂದರೆ ಅಂತಹ ಪೆಟ್ಟಿಗೆಯು ಗುರುಗಳ ಒಂದೊಂದು ಸ್ವರಾಕ್ಷರವನ್ನೂ ಅವರು ಕೊಟ್ಟುದಕ್ಕಿಂತ ಹೆಚ್ಚಾಗಿ ಮೊಳಗಿಸಿ, ಅವರು ನಿಲ್ಲಿಸಿದ ಮೇಲೆಯೂ ಸ್ವಲ್ಪ ಹೊತ್ತು ನುಡಿಯುತ್ತದೆ. ಮಹಾಪ್ರಾಣವೆಂದರೇನು? ಸ್ಪರ್ಶವು ಬಿಟ್ಟ ಬಳಿಕ, ಸ್ವರವು ನೆಲೆಗೊಳ್ಳುವುದರೊಳಗೆ, ಸೆಕೆಂಡಿನ ನೂರನೆಯ ಕೆಲವು ಭಾಗಗಳಷ್ಟು ಕಾಲ ಮಾತ್ರ ಹೊರಡುವ ಮೆಲ್ಲಗಿನ ಉಸಿರು. ಹಿಂದಿನ ಸ್ವರದ ಮೊಳಗು ಇನ್ನೂ ಅಡಗದಿರುವಾಗ ಆ ಉಸಿರು ಯಾರಿಗೆ ಕೇಳೀತು? ನಮ್ಮ ಆಲಂಕಾರಿಕರು ಘಂಟೆಯ ಅನುರಣನವನ್ನು ವ್ಯಂಗ್ಯಾರ್ಥಕ್ಕೆ ಉಪಮಾನವಾಗಿ ಹಿಡಿದು ಅದಕ್ಕೆ ದೊಡ್ಡ ಪದವಿಯನ್ನು ಕೊಟ್ಟಿದ್ದಾರೆ. ಕಾವ್ಯದಲ್ಲಿ ಅದು ಸರಿ. ಸ್ಪೀಕರಿನ ಪೆಟ್ಟಿಗೆಯಲ್ಲಿ ಅನುರಣನವು ದೋಷ, ಮತ್ತು ಅದು ಹಾಳುಮಾಡುವುದು ವಾಚ್ಯವನ್ನೇ.

ಬಡಗಿಗೆ ಇದನ್ನು ತಿಳಿಸುವುದು ಸುಲಭವಾಗಲಿಲ್ಲ. ನಾದಕ್ಕೆ ಸಂಬಂಧಿಸಿದ ವಸ್ತುವೆಂದು ತಿಳಿದ ಆತನು ವೀಣೆಗೆ ತಕ್ಕ ಹಲಸಿನ ಹಲಗೆಯನ್ನೇ ತೆಗೆದಿಟ್ಟಿದ್ದನು. ವೀಣೆಯ ಕೊಡವು ತಂತಿಯೊಡನೆ ತಾನೂ ನುಡಿಯಬೇಕು, ಅದು ವಾದ್ಯ. ಈ ಪೆಟ್ಟಿಗೆಯು ಎಂದಿಗೂ ನುಡಿಯಬಾರದು ಎಂದು ಹೇಳಿದಾಗ, ನುಡಿಯದ ಪೆಟ್ಟಿಗೆಗೆ ಪ್ಲೈವುಡ್ಡೇ ಸಾಕೆಂದು ಆತನು ಸ್ವಲ್ಪ ತಿರಸ್ಕಾರದಿಂದಲೇ ಒಪ್ಪಿದನು. ಆತನ ಮಾತೇ ಸರಿ. ೧೮ ಮಿಲಿಮೀಟರು ದಪ್ಪದ ಪ್ಲೈವುಡ್ಡಿನಲ್ಲಿ, ಒಳಗಡೆ ೪೦, ೩೦, ೨೫ ಸೆಂಟಿಮೀಟರಿನ ಪೆಟ್ಟಿಗೆ. ಗುಣಿಸಿದರೆ ೩೦ ಲೀಟರು. ಸ್ಪೀಕರಿನ ಹಿಂಭಾಗವೂ ಅಡ್ಡಪಟ್ಟಿಗಳೂ ತಿನ್ನುವ ಜಾಗವನ್ನು ಇದಕ್ಕೆ ಕೂಡಿಸಿಕೊಳ್ಳಬೇಕು. ಎದುರುಬದುರಿನ ಹಲಗೆಗಳ ನಡುವೆ ಅಡ್ಡಪಟ್ಟಿಯನ್ನು ಕೂರಿಸಿ, ಸಂದುಗಳನ್ನೆಲ್ಲ ಅಂಟಿನಿಂದ ಮುಚ್ಚಿ, ಗೋಡೆಗಳಿಗೆ ಹಳೆಯ ಕಂಬಳಿಯ ತುಂಡುಗಳನ್ನು ಹೊಡೆದೆವು. ಪರೀಕ್ಷೆಗೆ ಗೆಣ್ಣಿನಿಂದ ತಟ್ಟಿ ನೋಡತಕ್ಕದ್ದು: ಠಣ್ ಎಂದರೆ ಪಟ್ಟಿ ಸಾಲದು; ಮಣ್ಣಿನ ಗೋಡೆಯನ್ನು ತಟ್ಟಿದಂತೆ ಮೊಂಡಾಗಿ ಕೇಳಿದರೆ ಸಾಕು.

ಒಂದೇ ಶಂಕುವು ಎಲ್ಲ ಶ್ರುತಿಗಳನ್ನೂ ಸರಿಯಾಗಿ ನುಡಿಯಲಾರದಾದುದರಿಂದ ತಾರಕ್ಕೆ ಟ್ವೀಟರೆಂಬ ಚಿಕ್ಕ ಸ್ಪೀಕರನ್ನು ಸೇರಿಸುತ್ತಾರೆ. ಊಷ್ಮಾಕ್ಷರಗಳ ಬಾಳೆಲ್ಲ ಇಲ್ಲಿಯೇ. ಶಕಾರದ ಬಲವು ಮೂರು ಸಾವಿರ ಕಂಪನಗಳ ಸುತ್ತಿನಿಂದ ತೊಡಗಿದರೆ, ಸಕಾರದ್ದು ಬಹುಮಟ್ಟಿಗೆ ನಾಲ್ಕೈದು ಸಾವಿರದಿಂದ ಮೇಲೆ. ಹಳೆಯ ಟೆಲಿಫೋನು ೩,೪೦೦ರ ಮೇಲಣದನ್ನು ಒಯ್ಯುತ್ತಿರಲಿಲ್ಲ. ಅದರಲ್ಲಿ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಬೇಕಾಗುತ್ತಿದ್ದುದಕ್ಕೆ ಇದೂ ಒಂದು ಕಾರಣ. ೨,೫೦೦ರಲ್ಲಿ ದಾರಿಯನ್ನು ಒಡೆಯಬೇಕೆಂದರೆ, ೮ ಓಮಿನ ಟ್ವೀಟರಿಗೆ ಸುಮಾರು ೮ ಮೈಕ್ರೋಫ್ಯಾರಡಿನ ಕೆಪಾಸಿಟರನ್ನೂ, ದೊಡ್ಡ ಸ್ಪೀಕರಿಗೆ ಅರ್ಧ ಮಿಲಿಹೆನ್ರಿಯ ಸುರುಳಿಯನ್ನೂ ಅಡ್ಡವಿಡುವುದು ಸರಳವಾದ ಕ್ರಮ. ಇದು ಆರಂಭ ಮಾತ್ರ. ಸ್ಪೀಕರಿನ ೮ ಓಮ್ ಎಂಬುದು ಎಲ್ಲ ಶ್ರುತಿಗಳಲ್ಲಿಯೂ ೮ ಆಗಿರುವುದಿಲ್ಲವಾದುದರಿಂದ ಕೊನೆಗೆ ಕಿವಿಯಿಂದಲೂ ಅಳತೆಯಿಂದಲೂ ತಿದ್ದಿಕೊಳ್ಳಬೇಕು.

ಎಲ್ಲವನ್ನೂ ಜೋಡಿಸಿ ಟೇಪನ್ನು ಹಾಕಿದೆನು. ಕೊಡದ ಮೊಳಗು ಹೋಗಿತ್ತು. ಆದರೂ ಊಷ್ಮಾಕ್ಷರಗಳು ಮಂಜಿನೊಳಗಿಂದ ಬಂದಂತಿದ್ದುವು. ಇದರ ಕಾರಣವು ವರ್ಧಕದಲ್ಲಿಯೂ ಇರಲಿಲ್ಲ, ಸ್ಪೀಕರಿನಲ್ಲಿಯೂ ಇರಲಿಲ್ಲ. ಟೇಪನ್ನು ಓದುವ ತಲೆಯಲ್ಲಿರುವ ಸೂಕ್ಷ್ಮವಾದ ಸಂದು, ಮುದ್ರಿಸಿದ ಯಂತ್ರದ ಸಂದು ಯಾವ ಓರೆಯಲ್ಲಿತ್ತೋ ಅದೇ ಓರೆಯಲ್ಲಿರಬೇಕು. ಕೂದಲೆಳೆಯಷ್ಟು ವಾಲಿದರೂ ತಾರಧ್ವನಿಗಳು ತಮ್ಮನ್ನು ತಾವೇ ಅಳಿಸಿಕೊಳ್ಳುತ್ತವೆ. ಸೆಕೆಂಡಿಗೆ ೩¾ ಅಂಗುಲದ ನಿಧಾನಗತಿಯ ಟೇಪಿನಲ್ಲಿ ಈ ನಷ್ಟವು ಇನ್ನೂ ಹೆಚ್ಚು. ತಲೆಯ ಪಕ್ಕದ ಚಿಕ್ಕ ತಿರುಪನ್ನು, ಗುರುಗಳ ವಾಚನವನ್ನು ಕೇಳುತ್ತ ಕೇಳುತ್ತ, ಕಾಲುಸುತ್ತಿಗಿಂತಲೂ ಕಡಿಮೆ ತಿರುಗಿಸಿದಾಗ ತೆರೆಯನ್ನು ಸರಿಸಿದಂತಾಯಿತು. ನಡುನಡುವೆ ಅವರು ಹಾಳೆ ತಿರುವಿದ ಸದ್ದೂ ಕೇಳಿತು. ಪುಸ್ತಕವಿಲ್ಲದೆ ಅವರು ವಾಚಿಸಿದರೆಂದೇ ನಾನು ಅದುವರೆಗೆ ನಂಬಿದ್ದೆನು.

ಮೊದಲನೆಯ ಸ್ಥಳದಲ್ಲಿ ಮಹಾಪ್ರಾಣವು ಸ್ಪಷ್ಟವಾಗಿದೆ. ಮೂವರು ಮಿತ್ರರಿಗೆ, ಅವರು ಏನನ್ನು ನಿರೀಕ್ಷಿಸಬೇಕೆಂಬುದನ್ನು ಹೇಳದೆ, ಬೇರೆ ಬೇರೆಯಾಗಿ ಕೇಳಿಸಿದೆನು. ಮೂವರೂ ಮಹಾಪ್ರಾಣವನ್ನೇ ಬರೆದುಕೊಟ್ಟರು. ಆದರೆ ಆ ಪಾಠವು ಗುರುಗಳ ತಂದೆಯ ಬಾಯಿಂದ ಬಂದುದೋ, ಅವರ ಕೈಯಲ್ಲಿದ್ದ ಯಾವುದೋ ಪುಸ್ತಕದಿಂದ ಬಂದುದೋ ಎಂಬ ಪ್ರಶ್ನೆಯನ್ನು ಹಾಳೆಯ ಆ ಸದ್ದು ಹೊಸದಾಗಿ ಎಬ್ಬಿಸಿದೆ. ಆ ಪುಸ್ತಕವನ್ನು ಅವರ ಮನೆಯವರಲ್ಲಿ ವಿಚಾರಿಸುತ್ತಿದ್ದೇನೆ. ಎರಡನೆಯ ಸ್ಥಳದಲ್ಲಿ ಗುರುಗಳು ಮೈಕಿನಿಂದ ಮುಖವನ್ನು ತಿರುಗಿಸಿ ಕೆಮ್ಮಿದ್ದಾರೆ. ಊಷ್ಮಾಕ್ಷರವೊಂದು ಅಲ್ಲಿದೆಯೆಂಬಷ್ಟೇ ತಿಳಿಯುತ್ತದೆ; ಅದು ಸಕಾರವೋ ಶಕಾರವೋ ಎಂಬುದು ಟೇಪಿನ ಮೇಲೆಯೇ ಬಿದ್ದಿಲ್ಲ. ಲಿಪಿಕಾರನ ಪಕ್ಕದಲ್ಲಿ ಕುಳಿತವನು ಮೂಲದೊಡನೆ ಹೋಲಿಸಬಲ್ಲನು. ಮೂಲದಲ್ಲಿಯೇ ಹುಳು ತಿಂದ ಕಡೆ ಅವನು ಏನನ್ನು ಹೇಳಿಯಾನು? ಅಲ್ಲಿ ಅಚ್ಚಿನ ಪಾಠವನ್ನೇ ಇರಿಸಿಕೊಂಡು, ನನ್ನ ನೆನಪಿನ ಪಾಠವನ್ನು ಅಡಿಟಿಪ್ಪಣಿಗೆ ಇಳಿಸಿದ್ದೇನೆ.